ದೊಡ್ಡ ಊರಿಗೆ ಹೊರಟಿದ್ದೀರಾ? ಗೈಡ್‌ಬುಕ್ ಆರಿಸುವುದು ಹೀಗೆ

ಪ್ಯಾರಿಸ್, ಲಂಡನ್, ಟೋಕಿಯೊದಂಥ ಊರಿಗೆ ಹೋಗುವುದು ಗಟ್ಟಿಯಾದ ಮೇಲೆ ಬಹಳ ಮಂದಿ ಕೇಳುವ ಪ್ರಶ್ನೆ ಇದು: "ಒಂದೇ ಊರಿನ ಮೇಲೆ ಇಷ್ಟೊಂದು ಪುಸ್ತಕ ಇವೆ, ಯಾವುದು ತಗೊಳ್ಳಲಿ?" ಅದರ ಬೆನ್ನಿಗೇ ಇನ್ನೊಂದು: "ಕೈಯಲ್ಲಿ ಫೋನ್ ಇದೆಯಲ್ಲ, ಪುಸ್ತಕ ಯಾಕೆ?" ಎರಡೂ ಸರಿಯಾದ ಪ್ರಶ್ನೆಗಳೇ. ಎರಡನೆಯದಕ್ಕೆ ಆಮೇಲೆ ಬರೋಣ.

ದೊಡ್ಡ ಊರಿನ ವಿಷಯದಲ್ಲಿ ಮಾಹಿತಿಗೆ ಬರ ಇಲ್ಲ, ಬರ ಇರುವುದು ಸಮಯಕ್ಕೆ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಸುಮಾರು 35,000 ಕಲಾಕೃತಿಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಒಂದೊಂದರ ಮುಂದೆ ಅರ್ಧ ನಿಮಿಷ ನಿಂತರೂ, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಒಂದು ತಿಂಗಳು ದಾಟುತ್ತದೆ. ಅದು ಒಂದೇ ಕಟ್ಟಡದ ಮಾತು. ನಿಮ್ಮ ಹತ್ತಿರ ಇರುವುದು ನಾಲ್ಕೈದು ದಿನ. ಹಾಗಾಗಿ ಯಾವ ಗೈಡ್‌ಬುಕ್ ಹಿಡಿದರೂ ನಾನು ಮೊದಲು ಹುಡುಕುವುದು, ಅದು ಧೈರ್ಯವಾಗಿ "ಇದನ್ನು ಬಿಡಿ, ಪರವಾಗಿಲ್ಲ" ಅಂತ ಎಲ್ಲಾದರೂ ಹೇಳಿದೆಯಾ ಅಂತ. ಎಲ್ಲವನ್ನೂ ಹೊಗಳುವ ಪುಸ್ತಕ ಎಷ್ಟೇ ಚೆಂದ ಇದ್ದರೂ ಬೀದಿಯಲ್ಲಿ ನಿಂತಾಗ ಉಪಯೋಗಕ್ಕೆ ಬರುವುದಿಲ್ಲ.

ಯಾವುದನ್ನು ನೋಡಿ ಅಳೆಯಬೇಕು

ಮುಖಪುಟ ಬಿಟ್ಟುಬಿಡಿ. ಒಳಗೆ, ಕಾಪಿರೈಟ್ ಇರುವ ಪುಟ ತೆಗೆಯಿರಿ. ಈ ಆವೃತ್ತಿ ಅಚ್ಚಾದ ವರ್ಷ ಅಲ್ಲಿರುತ್ತದೆ. ಲೇಖಕರು ಊರು ಸುತ್ತಿ, ಬರೆದು, ಅದು ಅಚ್ಚಾಗಿ ಅಂಗಡಿಗೆ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತದೆ. ಅಂದರೆ ಹೊಚ್ಚಹೊಸ ಪುಸ್ತಕವೂ ಸ್ವಲ್ಪ ಹಳೆಯದೇ. ಎರಡು ವರ್ಷದ ತನಕ ಚಿಂತೆ ಇಲ್ಲ. ಅದಕ್ಕಿಂತ ಹಳೆಯದಾದರೆ ಪರೀಕ್ಷೆ ಮಾಡಿ. ಪ್ಯಾರಿಸ್ ಪುಸ್ತಕವಾದರೆ ನೋತ್ರ್ ದಾಮ್ ಪುಟ ನೋಡಿ. 2019ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದ ಆ ಚರ್ಚು ಮತ್ತೆ ತೆರೆದದ್ದು 2024ರ ಡಿಸೆಂಬರ್‌ನಲ್ಲಿ. ಪುಸ್ತಕ ಇನ್ನೂ "ಮುಚ್ಚಿದೆ" ಅನ್ನುತ್ತಿದ್ದರೆ ಅದರ ವಯಸ್ಸು ಗೊತ್ತಾಯಿತು. ಲಂಡನ್‌ಗಾದರೆ ಮೆಟ್ರೊ ಮ್ಯಾಪಿನಲ್ಲಿ ಎಲಿಜಬೆತ್ ಲೈನ್ ಇದೆಯಾ ನೋಡಿ. ಊರಿನ ನಡುವಿನ ಅದರ ಭಾಗ ಶುರುವಾದದ್ದು 2022ರ ಮೇ ತಿಂಗಳಲ್ಲಿ. ಪ್ರತಿ ಊರಿನಲ್ಲೂ ಇಂಥದ್ದೊಂದು ಹೊಸ ಬದಲಾವಣೆ ಇದ್ದೇ ಇರುತ್ತದೆ. ಅದನ್ನು ಮೊದಲೇ ತಿಳಿದುಕೊಂಡು ಅಂಗಡಿಗೆ ಹೋದರೆ ಕೆಲಸ ಸುಲಭ.

ಎರಡನೆಯದು ಮ್ಯಾಪ್. ಇಡೀ ಊರನ್ನು ಒಂದೇ ಪುಟದಲ್ಲಿ ತುರುಕಿದ ಮ್ಯಾಪ್ ನೋಡುವುದಕ್ಕೆ ಚೆಂದ, ನಡೆಯುವವರಿಗೆ ಬೇಕಾದದ್ದು ಏರಿಯಾ ಏರಿಯಾದ ಮ್ಯಾಪ್. ಪುಸ್ತಕದ ಅಧ್ಯಾಯಗಳೂ ಹಾಗೆಯೇ ಏರಿಯಾ ಪ್ರಕಾರ ಇರಬೇಕು. ಮ್ಯೂಸಿಯಂಗಳೆಲ್ಲ ಒಂದು ಕಡೆ, ಪಾರ್ಕುಗಳೆಲ್ಲ ಇನ್ನೊಂದು ಕಡೆ ಅಂತ ಜೋಡಿಸಿದ ಪುಸ್ತಕ ಕೊಂಡರೆ, ಪಕ್ಕದ ಬೀದಿಯಲ್ಲೇ ಇದ್ದ ಜಾಗ ನಿಮಗೆ ತಿಳಿಯುವುದು ಹೋಟೆಲಿಗೆ ವಾಪಸ್ ಬಂದ ಮೇಲೆ. ಟೋಕಿಯೊದಂಥ ಊರಿನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ, ವಿಳಾಸ ನಡೆಯುವುದು ಬ್ಲಾಕ್ ನಂಬರಿನ ಮೇಲೆ. ಶಿಂಜುಕು ಸ್ಟೇಷನ್ನಿನಿಂದ ಹೊರಬರಲು ಇನ್ನೂರಕ್ಕೂ ಹೆಚ್ಚು ದಾರಿಗಳಿವೆ. "ಶಿಂಜುಕುದಲ್ಲಿ ಇಳಿಯಿರಿ" ಅಂತಷ್ಟೇ ಬರೆದ ಪುಸ್ತಕ ಅರ್ಧ ಕೆಲಸವನ್ನೂ ಮಾಡಿಲ್ಲ. ಯಾವ ದಾರಿಯಿಂದ ಹೊರಬರಬೇಕು ಅಂತ ನಂಬರ್ ಸಮೇತ ಹೇಳಿದರೆ, ಬರೆದವರು ಅಲ್ಲಿ ನಿಜವಾಗಿಯೂ ನಡೆದಿದ್ದಾರೆ ಅಂತ ನಂಬಬಹುದು.

ಮೂರನೆಯದು, ಬಾಗಿಲು ಮತ್ತು ಟಿಕೆಟ್ಟಿನ ವಿಷಯ. ಲೂವ್ರ್‌ಗೆ ಮಂಗಳವಾರ ರಜೆ. ನದಿಯ ಆಚೆ ದಂಡೆಯ ಓರ್ಸೆ ಮ್ಯೂಸಿಯಂಗೆ ಸೋಮವಾರ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಗೆ ಟಿಕೆಟ್ ಸಿಗುವುದು ಆನ್‌ಲೈನಿನಲ್ಲಿ ಮಾತ್ರ, ಅದನ್ನೂ ಮಂಗಳವಾರಗಳಂದು ಆರು ವಾರ ಮುಂಚಿತವಾಗಿ ಬಿಡುತ್ತಾರೆ. ಮಿಲಾನಿನಲ್ಲಿ ಲಿಯೊನಾರ್ಡೊ ಬರೆದ 'ಕೊನೆಯ ಭೋಜನ' ನೋಡಲು ಮೊದಲೇ ಬುಕ್ ಮಾಡಿಸಬೇಕು, ಒಳಗೆ ಇರಲು ಬಿಡುವುದು 15 ನಿಮಿಷ. ಇಂಥದ್ದನ್ನು ಪುಸ್ತಕದ ಮೊದಲ ಕೆಲವು ಪುಟಗಳಲ್ಲೇ "ಹೊರಡುವ ಮುಂಚೆ ಮಾಡಬೇಕಾದದ್ದು" ಅಂತ ಬರೆದಿದ್ದರೆ ಆ ಪುಸ್ತಕಕ್ಕೆ ನಾನು ಅಲ್ಲೇ ಅರ್ಧದಷ್ಟು ಅಂಕ ಕೊಟ್ಟುಬಿಡುತ್ತೇನೆ. ಸರಿಯಾದ ಗಂಟೆಗಳು ಬದಲಾಗಬಹುದು, ಅದನ್ನು ಹೇಗೂ ಆಯಾ ಜಾಗದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬೇಕು. ಆದರೆ "ಮೊದಲೇ ಬುಕ್ ಮಾಡದಿದ್ದರೆ ಆಗದು" ಅನ್ನುವ ಎಚ್ಚರಿಕೆ ಪುಸ್ತಕದಿಂದಲೇ ಬರಬೇಕು. ಯಾಕೆಂದರೆ ಗೊತ್ತೇ ಇಲ್ಲದ್ದನ್ನು ಫೋನಿನಲ್ಲಿ ಹುಡುಕುವುದು ಯಾರಿಗೂ ಹೊಳೆಯುವುದಿಲ್ಲ.

ಆಮೇಲೆ ಇತಿಹಾಸ, ಹಿನ್ನೆಲೆ ಎಷ್ಟಿದೆ ಅನ್ನುವುದು. ಇದು ನಿಮ್ಮ ಆಸಕ್ತಿಗೆ ಬಿಟ್ಟದ್ದು. ತೂಕ ಹಾಗಲ್ಲ. ಅದು ಎಲ್ಲರಿಗೂ ಲೆಕ್ಕಕ್ಕೆ ಬರುತ್ತದೆ. ದಿನವಿಡೀ ನಡೆಯುವಾಗ ದಪ್ಪ ಪುಸ್ತಕ ಮೂರನೆಯ ದಿನಕ್ಕೆ ರೂಮಿನಲ್ಲೇ ಉಳಿಯುತ್ತದೆ. ಇಂಡೆಕ್ಸನ್ನೂ ಒಮ್ಮೆ ತಿರುವಿ ನೋಡಿ. ನಿಮಗೆ ಗೊತ್ತಿರುವ ಒಂದು ಜಾಗದ ಹೆಸರು ಎಷ್ಟು ಬೇಗ ಸಿಗುತ್ತದೆ?

ದಪ್ಪ ಪುಸ್ತಕಗಳು: ಲೋನ್ಲಿ ಪ್ಲಾನೆಟ್, ರಫ್ ಗೈಡ್ಸ್

ಹೆಚ್ಚು ಮಂದಿಯ ಕೈ ಮೊದಲು ಹೋಗುವುದು ಇವುಗಳ ಕಡೆಗೆ. ಲೋನ್ಲಿ ಪ್ಲಾನೆಟ್ 1973ರಲ್ಲಿ, ರಫ್ ಗೈಡ್ಸ್ 1982ರಲ್ಲಿ ಶುರುವಾದವು. ಎರಡೂ ಹುಟ್ಟಿದ್ದು ಕಡಿಮೆ ಖರ್ಚಿನಲ್ಲಿ ಊರೂರು ಸುತ್ತುವವರಿಗಾಗಿ. ಈಗ ಮಧ್ಯಮ ಬಜೆಟ್ಟಿನವರಿಗೂ ಸಾಕಷ್ಟು ಇದೆ. ಎಲ್ಲಿ ಉಳಿಯಬೇಕು, ಎಲ್ಲಿ ತಿನ್ನಬೇಕು, ಹೇಗೆ ಓಡಾಡಬೇಕು, ಎಲ್ಲವೂ ಒಂದೇ ಕಡೆ ಸಿಗುತ್ತದೆ. ರಫ್ ಗೈಡಿನ ಕೊನೆಯಲ್ಲಿ ಆ ಊರಿನ ಇತಿಹಾಸ, ಸಮಾಜದ ಬಗ್ಗೆ ಬರುವ ಭಾಗ ಓದಲು ಯೋಗ್ಯ. ಹೊರಡುವ ಮುಂಚಿನ ವಾರ ಅದನ್ನು ಓದಿ ಹೋದವರಿಗೆ ಊರು ಬೇರೆಯೇ ಕಾಣುತ್ತದೆ.

ಇವುಗಳ ತೊಂದರೆಯೂ ಅದೇ ವಿಸ್ತಾರ. ಮೂರು ದಿನಕ್ಕೆ ಹೋಗುವವರು ಇಷ್ಟು ಆಯ್ಕೆಗಳ ಮುಂದೆ ಕೂತು ಪಟ್ಟಿ ಮಾಡುತ್ತಲೇ ಸುಸ್ತಾಗುತ್ತಾರೆ. ಹೋಟೆಲು, ಊಟದ ಪುಟಗಳು ಎಲ್ಲಕ್ಕಿಂತ ಬೇಗ ಹಳಸುವ ಪುಟಗಳು ಬೇರೆ. ಒಂದು ವಾರ ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ, ಎಲ್ಲವನ್ನೂ ತಾವೇ ಏರ್ಪಾಡು ಮಾಡಿಕೊಳ್ಳುವವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಆಯ್ಕೆ.

ಕಿಸೆಗೆ ಹಿಡಿಸುವವು

ಲೋನ್ಲಿ ಪ್ಲಾನೆಟ್ಟಿನ 'ಪಾಕೆಟ್', ಡಿಕೆ ಸಂಸ್ಥೆಯ 'ಟಾಪ್ 10', ಇವೆಲ್ಲ ಈ ಗುಂಪಿನವು. ಬೆಲೆಯೂ ಕಡಿಮೆ, ಭಾರವೂ ಕಡಿಮೆ. ಎರಡರಿಂದ ನಾಲ್ಕು ದಿನಕ್ಕೆ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇವನ್ನೇ. ಸಣ್ಣ ಪುಸ್ತಕಕ್ಕೆ ಜಾಗ ಕಡಿಮೆ, ಹಾಗಾಗಿ ಬರೆದವರು ಆರಿಸಲೇಬೇಕು. ನಿಮ್ಮ ಪರವಾಗಿ ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ. ಆದರೆ 'ಟಾಪ್ 10' ಪಟ್ಟಿಗಳನ್ನು ಮೇಲಿನಿಂದ ಕೆಳಗೆ ಮುಗಿಸಲು ಹೋಗಬೇಡಿ. ಊರಿನ ಒಂದೊಂದು ಮೂಲೆಯಲ್ಲಿರುವ ಹತ್ತು ಜಾಗಗಳನ್ನು ಒಂದರ ಹಿಂದೆ ಒಂದು ನೋಡಲು ಹೊರಟರೆ ದಿನವೆಲ್ಲ ಮೆಟ್ರೊದಲ್ಲೇ ಕಳೆಯುತ್ತದೆ. ಹಿಂದಿರುವ ಏರಿಯಾವಾರು ಪುಟಗಳಿಂದ ಓದಲು ಶುರು ಮಾಡಿ.

ಚಿತ್ರದ ಪುಸ್ತಕಗಳು

ಡಿಕೆ ಐವಿಟ್ನೆಸ್ 1993ರಲ್ಲಿ ಬಂದಾಗ ಗೈಡ್‌ಬುಕ್ಕಿನ ರೂಪವೇ ಬದಲಾಯಿತು. ಕಟ್ಟಡವನ್ನು ಸೀಳಿ ಒಳಗಿರುವುದನ್ನು ತೋರಿಸುವ ಚಿತ್ರ, ಬೀದಿಯನ್ನು ಮೇಲಿನಿಂದ ನೋಡಿದಂತೆ ಬಿಡಿಸಿದ ಮ್ಯಾಪ್ ಇದರ ಗುರುತು. ದೊಡ್ಡ ಚರ್ಚು, ಅರಮನೆ, ಕೋಟೆಗಳಿರುವ ಊರಿಗೆ ಇದು ತುಂಬಾ ಚೆನ್ನಾಗಿ ಹೊಂದುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೇರೆ ಯೋಚನೆ ಮಾಡುವುದೇ ಬೇಡ. ಪುಸ್ತಕ ಅವರ ಕೈಗೆ ಕೊಡಿ, ನಾಳೆ ಎಲ್ಲಿಗೆ ಹೋಗೋಣ ಅಂತ ಅವರೇ ಆರಿಸಲಿ. ದಪ್ಪ ಮಿರುಗುವ ಕಾಗದ, ಹಾಗಾಗಿ ಭಾರ ಇದೆ. ಬೆಲೆಯೂ ಸಾಮಾನ್ಯವಾಗಿ ಜಾಸ್ತಿಯೇ. ಓಡಾಟದ ವಿವರ, ಅಗ್ಗದ ವಸತಿ ಇವೆಲ್ಲ ದಪ್ಪ ಪುಸ್ತಕಗಳಷ್ಟು ಸಿಗುವುದಿಲ್ಲ.

ಕೈಹಿಡಿದು ನಡೆಸುವವು

ಅಮೆರಿಕದ ಪ್ರವಾಸ ಲೇಖಕ ರಿಕ್ ಸ್ಟೀವ್ಸ್ ಅವರ ಪುಸ್ತಕಗಳು ಯುರೋಪಿಗೆ ಮಾತ್ರ. ಆ ಮಿತಿಯೊಳಗೆ, ಮೊದಲ ಸಲ ಹೋಗುವವರಿಗೆ ಇವಕ್ಕೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನೋಡುವ ಜಾಗಗಳಿಗೆ ಒಂದರಿಂದ ಮೂರು ತ್ರಿಕೋನ ಗುರುತು. ಎಲ್ಲಿ ಕ್ಯೂ ಉದ್ದ, ಅದನ್ನು ತಪ್ಪಿಸುವುದು ಹೇಗೆ, ಯಾವ ಕೋಣೆಯಿಂದ ಶುರು ಮಾಡಿ ಯಾವ ಕಡೆ ತಿರುಗಬೇಕು, ಎಲ್ಲ ಹೆಜ್ಜೆ ಹೆಜ್ಜೆಗೂ ಬರೆದಿರುತ್ತಾರೆ. ಕಿವಿಗೆ ಹಾಕಿಕೊಂಡು ನಡೆಯಲು ಉಚಿತ ಆಡಿಯೊ ಟೂರ್‌ಗಳೂ ಅವರ ಆ್ಯಪಿನಲ್ಲಿವೆ. ಒಬ್ಬ ವ್ಯಕ್ತಿಯ ರುಚಿ ಇಡೀ ಪುಸ್ತಕದ ತುಂಬ ಇದೆ, ಅದು ನಿಮ್ಮ ರುಚಿಗೆ ಹೊಂದದಿದ್ದರೆ ಪುಸ್ತಕವೂ ಹೊಂದುವುದಿಲ್ಲ. ಚಿತ್ರಗಳು ಕಡಿಮೆ. ಅವರು ಬಿಟ್ಟ ಏರಿಯಾ ನಿಮ್ಮ ಮಟ್ಟಿಗೆ ಇಲ್ಲವೇ ಇಲ್ಲ.

ಟೈರ್ ಕಂಪನಿ ಮಿಶೆಲಿನ್‌ನ ಹಸಿರು ಪುಸ್ತಕವೂ ಹೀಗೆ ನಕ್ಷತ್ರ ಕೊಟ್ಟು ಆರಿಸುತ್ತದೆ. ಕೆಂಪು ಪುಸ್ತಕದ ಜೊತೆ ಗೊಂದಲ ಬೇಡ: ಕೆಂಪಿನದು ಹೋಟೆಲು, ಊಟಕ್ಕೆ, ಹಸಿರಿನದು ನೋಡುವ ಜಾಗಗಳಿಗೆ. ದನಿ ಸ್ವಲ್ಪ ಮೇಷ್ಟ್ರ ತರಹ. ಆದರೆ ಮೂರು ನಕ್ಷತ್ರದ ಜಾಗಗಳನ್ನಷ್ಟೇ ನೋಡಿಕೊಂಡು ಹೋದರೂ ಊರಿನ ಮುಖ್ಯವಾದದ್ದು ತಪ್ಪುವುದಿಲ್ಲ.

ಕಲೆ, ಕಟ್ಟಡಗಳ ಹುಚ್ಚು ಇರುವವರಿಗೆ

ಬ್ಲೂ ಗೈಡ್ಸ್. ಮೊದಲ ಪುಸ್ತಕ 1918ರಲ್ಲಿ ಲಂಡನ್ ಮೇಲೆ ಬಂತು. ಒಂದು ಚರ್ಚಿನ ಯಾವ ಗೋಡೆಯ ಮೇಲೆ ಯಾರು ಬರೆದ ಯಾವ ಚಿತ್ರ ಇದೆ ಅನ್ನುವುದನ್ನು ಇಷ್ಟು ಶ್ರದ್ಧೆಯಿಂದ ಹೇಳುವ ಸರಣಿ ನನಗೆ ಇನ್ನೊಂದು ಗೊತ್ತಿಲ್ಲ. ರೋಮ್, ಫ್ಲಾರೆನ್ಸ್‌ನಂಥ ಊರಿಗೆ ಎರಡನೆಯ ಸಲ ಹೋಗುವವರು ಇದನ್ನು ಹಿಡಿದುಕೊಳ್ಳಿ. ಮೊದಲ ಸಲದವರಿಗೆ ಇದೊಂದೇ ಸಾಲದು. ರೂಮು, ಊಟ, ಬಸ್ಸು ಇವುಗಳ ಮಾತು ಇದರಲ್ಲಿ ಕಡಿಮೆ.

ಬರೀ ಮ್ಯಾಪ್ ಸಾಕು ಅನ್ನುವವರಿಗೆ

ಫ್ರಾನ್ಸಿನ ಗಲಿಮಾರ್ ಪ್ರಕಾಶನದ 'ಕಾರ್ಟೊವಿಲ್' ತರಹದ ಪುಸ್ತಕಗಳಿವೆ. ಒಂದೊಂದು ಏರಿಯಾಕ್ಕೆ ಒಂದು ಮಡಚುವ ಮ್ಯಾಪ್, ಅದರ ಪಕ್ಕದಲ್ಲೇ ಅಲ್ಲಿ ನೋಡುವ, ತಿನ್ನುವ ಜಾಗಗಳು. ಸುಮ್ನೆ ಬೀದಿ ಅಲೆಯುವುದೇ ಇಷ್ಟ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ಮಡಿಕೆಯಲ್ಲಿ ಕಾಗದ ಬೇಗ ಹರಿಯುತ್ತದೆ, ನೋಡಿಕೊಳ್ಳಿ.

ಫೋನ್, ಇ-ಬುಕ್, ವಿಕಿವಾಯೇಜ್

ಈಗ ಆ ಎರಡನೆಯ ಪ್ರಶ್ನೆ. ಇಲ್ಲಿಂದ ಅಲ್ಲಿಗೆ ಹೋಗುವುದು ಹೇಗೆ, ಈಗ ತೆರೆದಿದೆಯಾ, ಈ ಎರಡಕ್ಕೆ ಫೋನೇ ಮೇಲು. ಯಾವ ಅಚ್ಚಿನ ಪುಸ್ತಕವೂ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಅನ್ನುವುದಕ್ಕೆ ಫೋನ್ ಕೊಡುವುದು ಸಾವಿರ ಉತ್ತರ. ಅಲ್ಲಿ ಎಲ್ಲಕ್ಕೂ ನಾಲ್ಕೂವರೆ ಸ್ಟಾರ್ ಇರುತ್ತದೆ, ಅಲ್ವಾ? ಆ ನಾಲ್ಕೂವರೆ ಕೊಟ್ಟವರು ನಿಮ್ಮಂಥವರೇ ಅಂತ ಹೇಗೆ ಗೊತ್ತು? ಗೈಡ್‌ಬುಕ್ ಬರೆದವರು ಒಬ್ಬರೋ ಇಬ್ಬರೋ. ಹತ್ತು ಪುಟ ಓದಿದರೆ ಅವರ ಮನಸ್ಸು ತಿಳಿಯುತ್ತದೆ. ಆಮೇಲೆ ಅವರ ಮಾತನ್ನು ಎಷ್ಟು ನಂಬಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಫೋನನ್ನೇ ನೆಚ್ಚುವವರು ಒಂದು ವಿಷಯ ಗಮನಿಸಿ. ಗೂಗಲ್ ಮ್ಯಾಪನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೂ, ನೆಟ್ ಇಲ್ಲದಾಗ ಅದು ಕಾರಿನ ದಾರಿ ತೋರಿಸುತ್ತದೆ, ನಡೆಯುವ ದಾರಿ, ಬಸ್ಸು ಮೆಟ್ರೊ ದಾರಿ ತೋರಿಸುವುದಿಲ್ಲ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಹಾಕಿಕೊಂಡರೆ ನೆಟ್ ಇಲ್ಲದೆಯೂ ನಡೆಯುವ ದಾರಿ ಸಿಗುತ್ತದೆ. ಅದು ಉಚಿತ.

ಇ-ಬುಕ್ ಭಾರವಿಲ್ಲ, ಹೆಸರು ಹಾಕಿ ಹುಡುಕಬಹುದು, ಅಚ್ಚಿನದಕ್ಕಿಂತ ಅಗ್ಗಕ್ಕೂ ಸಿಗಬಹುದು. ಆದರೆ ಮ್ಯಾಪ್ ವಿಷಯದಲ್ಲಿ ಸೋಲುತ್ತದೆ. ಕಪ್ಪುಬಿಳುಪಿನ ಕಿಂಡಲ್‌ನಲ್ಲಿ ಬಣ್ಣದ ಮ್ಯಾಪ್ ಓದುವುದು ಕಣ್ಣಿಗೆ ಶಿಕ್ಷೆ. ಮುಂದೆ ಹಿಂದೆ ಪುಟ ತಿರುವುತ್ತಾ ಎರಡು ಜಾಗ ಹೋಲಿಸುವುದೂ ಕಷ್ಟ. ಕಥೆಯಂತೆ ಓದುವ ಇತಿಹಾಸದ ಭಾಗಕ್ಕೆ ಇ-ಬುಕ್ ಚೆನ್ನಾಗಿದೆ, ಬೀದಿಯಲ್ಲಿ ನಿಂತು ನೋಡಲು ಅಲ್ಲ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲ ಅಂದರೆ ವಿಕಿವಾಯೇಜ್ ಇದೆ. ವಿಕಿಪೀಡಿಯದ ಬಳಗದ್ದೇ, ಓದುಗರೇ ಬರೆದದ್ದು. ದೊಡ್ಡ ಊರುಗಳನ್ನು ಏರಿಯಾಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಪುಟ ಇಟ್ಟಿದ್ದಾರೆ. ಕಿವಿಕ್ಸ್ ಆ್ಯಪಿನಲ್ಲಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು. ಕೆಲವು ಏರಿಯಾಗಳ ಪುಟ ಬಹಳ ಚೆನ್ನಾಗಿದೆ, ಇನ್ನು ಕೆಲವು ಬರೀ ಪಟ್ಟಿ. ನೀವು ಹೋಗುವ ಊರಿನ ಪುಟ ಯಾವ ತರಹದ್ದು ಅಂತ ಇವತ್ತೇ ತೆರೆದು ನೋಡಿ. ಚೆನ್ನಾಗಿದ್ದರೆ, ಅದರ ಜೊತೆಗೆ ಒಂದು ಪಾಕೆಟ್ ಪುಸ್ತಕ ಸಾಕೇ ಸಾಕು.

ಹಾಗಾದರೆ ಯಾರಿಗೆ ಯಾವುದು

ಬೇರೆ ಕಡೆಗೆ ಹೋಗುವ ದಾರಿಯಲ್ಲಿ ಒಂದೆರಡು ದಿನ ಇಳಿಯುವವರಾದರೆ ದಪ್ಪ ಪುಸ್ತಕ ಮುಟ್ಟಬೇಡಿ. ಪಾಕೆಟ್ ಅಥವಾ ಮ್ಯಾಪಿನ ಪುಸ್ತಕ ಸಾಕು. ಯುರೋಪಿನ ಊರಿಗೆ ಮೊದಲ ಸಲ, ಗುಂಪು ಟೂರ್ ಬೇಡ, ಸ್ವಲ್ಪ ಅಂಜಿಕೆಯೂ ಇದೆ ಅಂದರೆ ರಿಕ್ ಸ್ಟೀವ್ಸ್. ಏಷ್ಯಾ, ಅಮೆರಿಕದ ಊರುಗಳಿಗೆ ಲೋನ್ಲಿ ಪ್ಲಾನೆಟ್ಟೋ ರಫ್ ಗೈಡೋ, ಯಾವುದರ ಹೊಸ ಆವೃತ್ತಿ ಸಿಗುತ್ತದೋ ಅದು. ಇವೆರಡರ ನಡುವೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ, ವರ್ಷವೇ ಮುಖ್ಯ.

ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರು ಸರಣಿಯ ಹೆಸರು ನೋಡುವುದಕ್ಕಿಂತ ಒಂದು ವಿವರ ಹುಡುಕಿ: ಮೆಟ್ಟಿಲು, ಲಿಫ್ಟ್, ಕೂರುವ ಜಾಗಗಳ ಬಗ್ಗೆ ಪುಸ್ತಕ ಏನಾದರೂ ಹೇಳಿದೆಯಾ? ಪ್ಯಾರಿಸ್‌ನ ಹಳೆಯ ಮೆಟ್ರೊ ಸ್ಟೇಷನ್‌ಗಳಲ್ಲಿ ಬಹುಪಾಲಿಗೆ ಲಿಫ್ಟ್ ಇಲ್ಲ. ಅಂಥ ಊರಿನಲ್ಲಿ ಬಸ್ಸಿನ ದಾರಿಗಳನ್ನು ಚೆನ್ನಾಗಿ ವಿವರಿಸುವ ಪುಸ್ತಕವೇ ನಿಮಗೆ ಸರಿ. ಮೆಟ್ರೊ ಒಂದನ್ನೇ ಹೇಳುವ ಪುಸ್ತಕ ಬೇಡ.

ಬಜೆಟ್ ಬಿಗಿ ಇದ್ದರೆ ಹಳೆಯ ಆವೃತ್ತಿಯನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವುದೂ ಒಂದು ದಾರಿ. ಲೈಬ್ರರಿಯಲ್ಲೂ ಸಿಗಬಹುದು. ಇತಿಹಾಸ, ನಡೆಯುವ ದಾರಿ, ಕಟ್ಟಡಗಳ ವಿವರ ಐದು ವರ್ಷಕ್ಕೆ ಹಾಳಾಗುವುದಿಲ್ಲ. ಹೋಟೆಲು, ಟಿಕೆಟ್ ದರ, ಸಮಯ ಇರುವ ಪುಟಗಳನ್ನು ಮಾತ್ರ ಇಲ್ಲವೆಂದೇ ತಿಳಿದು, ಆ ಭಾಗಕ್ಕೆ ಫೋನ್ ನೋಡಿ. ಚಿತ್ರದ ಪುಸ್ತಕ, ಬ್ಲೂ ಗೈಡ್‌ಗಳಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಇನ್ನಷ್ಟು ಹಣ ಉಳಿಯುತ್ತದೆ ಅಂದುಕೊಂಡು ಹಳೆಯ ಪಾಕೆಟ್ ಪುಸ್ತಕ ಕೊಳ್ಳಬೇಡಿ. ಅದರಲ್ಲಿ ಇರುವುದೇ ಬೇಗ ಬದಲಾಗುವ ವಿವರ.

ದುಡ್ಡು ಕೊಡುವ ಮುಂಚೆ

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರಿನಿಂದ ಬರೆಸಿ, ಇಲ್ಲದ ಲೇಖಕರ ಹೆಸರು ಹಾಕಿ, ಸುಳ್ಳು ವಿಮರ್ಶೆಗಳನ್ನು ಅಂಟಿಸಿ ಮಾರುವ ಗೈಡ್‌ಬುಕ್‌ಗಳ ಹಾವಳಿ ಬಗ್ಗೆ 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ದೊಡ್ಡ ವರದಿ ಮಾಡಿತ್ತು. ಹೆಸರಿನಲ್ಲಿ ವರ್ಷ ದಪ್ಪಕ್ಕೆ ಇರುತ್ತದೆ, ಬೆಲೆ ಕಡಿಮೆ, ಹೊಗಳಿಕೆ ತುಂಬ. ಸ್ಯಾಂಪಲ್ ಪುಟ ತೆರೆದರೆ ಗುಟ್ಟು ರಟ್ಟಾಗುತ್ತದೆ: ಮ್ಯಾಪ್ ಇರುವುದಿಲ್ಲ, ಬೀದಿಯ ಹೆಸರು ಇರುವುದಿಲ್ಲ, "ಈ ಸುಂದರ ನಗರ ಎಲ್ಲರ ಮನಸೆಳೆಯುತ್ತದೆ" ತರಹದ ವಾಕ್ಯಗಳೇ ಪುಟಗಟ್ಟಲೆ. ಲೇಖಕರ ಹೆಸರನ್ನು ಬೇರೆ ಕಡೆ ಹುಡುಕಿ ನೋಡಿ. ಬೇರೇನೂ ಸಿಗದಿದ್ದರೆ ಬಿಟ್ಟುಬಿಡಿ.

ಕೊನೆಗೆ ಎರಡು ಮೂರು ಪುಸ್ತಕ ಉಳಿದಾಗ ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ನೀವು ಖಂಡಿತ ನೋಡಲಿರುವ ಒಂದೇ ಜಾಗವನ್ನು ಎಲ್ಲದರಲ್ಲೂ ತೆಗೆದು ಓದಿ. ಲೂವ್ರ್ ಅಂತಲೇ ಇಟ್ಟುಕೊಳ್ಳಿ. ಒಂದು ಪುಸ್ತಕ "ಮೊನಾಲಿಸಾ ಇರುವ ಜಗತ್ಪ್ರಸಿದ್ಧ ಮ್ಯೂಸಿಯಂ" ಅಂತ ಹೇಳಿ ಮುಂದೆ ಹೋಗುತ್ತದೆ. ಇನ್ನೊಂದು ಡೆನಾನ್, ಸುಲ್ಲಿ, ರಿಶೆಲ್ಯೂ ಅಂತ ಮೂರು ಭಾಗಗಳಿವೆ, ಮೊನಾಲಿಸಾ ಡೆನಾನ್‌ನಲ್ಲಿ, ವೀನಸ್ ದ ಮಿಲೊ ಶಿಲ್ಪ ಸುಲ್ಲಿಯಲ್ಲಿ ಅಂತ ಬಿಡಿಸಿ ಹೇಳುತ್ತದೆ. ಮೂರನೆಯದು ಇನ್ನೂ ಮುಂದೆ ಹೋಗಿ, ಗಾಜಿನ ಪಿರಮಿಡ್ ಮುಂದಿನ ಕ್ಯೂ ನೋಡಿ ಹೆದರಬೇಡಿ, ನೆಲದಡಿಯ ಕಾರುಸೆಲ್ ಮಾಲ್ ಕಡೆಯಿಂದಲೂ ಬಾಗಿಲಿದೆ, ಎರಡೇ ಗಂಟೆ ಇದ್ದರೆ ಇಂಥಿಂಥ ಕೋಣೆ ನೋಡಿ ಹೊರಬನ್ನಿ, ಉಳಿದದ್ದನ್ನು ಇವತ್ತಿಗೆ ಬಿಡಿ ಅನ್ನುತ್ತದೆ. ನಿಮಗೆ ಯಾವುದು ಬೇಕು ಅಂತ ಆ ಮೂರು ಪುಟ ಓದುವಷ್ಟರಲ್ಲೇ ತಿಳಿದಿರುತ್ತದೆ. ಅಂಗಡಿಯಲ್ಲಿ ನಿಂತು ಓದಲು ಸಂಕೋಚವಾದರೆ ಆನ್‌ಲೈನ್ ಸ್ಯಾಂಪಲ್ ಇದ್ದೇ ಇದೆ, ಅದರಲ್ಲಿ ನಿಮ್ಮ ಜಾಗದ ಪುಟ ಇಲ್ಲದಿದ್ದರೆ ಇರುವ ಯಾವುದಾದರೂ ಒಂದು ಜಾಗವನ್ನು ಹೀಗೆ ಹೋಲಿಸಿ. ಆರಿಸಿದ ಮೇಲೆ ಪುಸ್ತಕವನ್ನು ಪ್ರಯಾಣಕ್ಕೆ ಎರಡು ತಿಂಗಳು ಮುಂಚೆಯೇ ತರಿಸಿಕೊಳ್ಳಿ. ಆರು ವಾರ ಮೊದಲೇ ಖಾಲಿಯಾಗುವ ಟಿಕೆಟ್ಟುಗಳ ಸುದ್ದಿ ಅದರಲ್ಲಿ ಇದ್ದರೆ, ಆಗಷ್ಟೇ ಉಪಯೋಗ.